ಎಂಜಿನ್ ಬದಲಾಯಿತು, ಟೈಮ್‌ಟೇಬಲ್ ಯಾವಾಗ? ತುಮಕೂರಿನಿಂದ ಒಂದು ಬಹಿರಂಗ ಪತ್ರ

ರೈಲುಗಳ ವೇಳಾಪಟ್ಟಿ ಬರೆಯುವ, ಯಾವ ಗಾಡಿಗೆ ಯಾವ ಎಂಜಿನ್ ಎಂದು ತೀರ್ಮಾನಿಸುವ ಅಧಿಕಾರಿಗಳಿಗೆ,

ನಮಸ್ಕಾರ.

ಮಂತ್ರಿಗಳಿಗೆ ಮನವಿ ಕೊಡಲು ತುಮಕೂರಿನಲ್ಲಿ ಜನಕ್ಕೆ ಬರವಿಲ್ಲ. 2024ರಿಂದ ನಮ್ಮ ಸಂಸದರೇ ರೈಲ್ವೆ ಖಾತೆಯ ರಾಜ್ಯ ಸಚಿವರಾದ ಮೇಲಂತೂ ಹಾರ, ಶಾಲು, ಮನವಿ ಮೂರೂ ಜಾಸ್ತಿಯಾಗಿವೆ. ಹಾಗಾಗಿ ನಾನು ನಿಮಗೆ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಕೂತು, ಗ್ರಾಫಿನ ಮೇಲೆ ಓರೆ ಗೆರೆ ಎಳೆದು, ಯಾವ ಗಾಡಿ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಗೊತ್ತು ಮಾಡುವವರು ನೀವು. ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ಆದರೆ ಇಲ್ಲಿಂದ ದಿನಾ ಓಡಾಡುವವರ ಬೆಳಿಗ್ಗೆ, ಸಂಜೆ ಎರಡೂ ನಿಮ್ಮ ಕೈಯಲ್ಲೇ ಇವೆ.

ವಿಷಯ ಇದು. ಬೆಂಗಳೂರು–ತುಮಕೂರು ಮಾರ್ಗ ಜೋಡಿ ಹಳಿಯಾಗಿ ಬಹಳ ಕಾಲವಾಯಿತು. ಆಮೇಲೆ ಕಂಬ ನಿಂತವು, ತಂತಿ ಎಳೆದರು, 25,000 ವೋಲ್ಟ್ ಹರಿಯಿತು. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಇದೇ ತಂತಿಯ ಕೆಳಗೆ ಓಡಲು ಶುರುವಾಯಿತು. ಹೊಗೆ ಉಗುಳುತ್ತಿದ್ದ ಡೀಸೆಲ್ ಎಂಜಿನ್ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಎಲೆಕ್ಟ್ರಿಕ್ ಎಂಜಿನ್ ನಿಲ್ಲುತ್ತದೆ. ಶಕ್ತಿ ದುಪ್ಪಟ್ಟಾಗಿದೆ. ಆದರೆ ನಿಂತು ನಿಂತು ಹೋಗುವ ಗಾಡಿಯಲ್ಲಿ ಕೂತವನಿಗೆ ದಾರಿ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತಿದೆ. ಹೊಸ ಹೋರಿ ತಂದು ಹಳೇ ಎತ್ತಿನ ಹೆಜ್ಜೆಗೆ ನಡೆಸಿದ ಹಾಗಾಗಿದೆ. ನಮ್ಮ ಬೋಗಿಯಲ್ಲಿ ಒಬ್ಬರು ಹೇಳಿದ ಮಾತು ಕೇಳಿ: "ಕರೆಂಟ್ ಎಂಜಿನ್ ಬಂದ್ಮೇಲೆ ಅಂಗಿಗೆ ಮಸಿ ಕೂರಲ್ಲ ಕಣಣ್ಣ, ಅಷ್ಟೇ ಲಾಭ."

ಅಷ್ಟೇ ಲಾಭ ಆಗಬಾರದು ಅನ್ನುವುದಕ್ಕೇ ಈ ಪತ್ರ.

ಮೊದಲು ಎಂಜಿನ್ ವಿಚಾರ. ನಿಮಗೆ ಗೊತ್ತಿರುವುದೇ, ಆದರೆ ಈ ಪತ್ರವನ್ನು ನನ್ನ ಜೊತೆ ಓಡಾಡುವವರೂ ಓದುತ್ತಾರೆ. ನಾವು ವರ್ಷಗಟ್ಟಲೆ ನೋಡಿದ ಡಬ್ಲ್ಯುಡಿಎಂ-3ಎ ಡೀಸೆಲ್ ಎಂಜಿನ್‌ಗೆ ಇದ್ದದ್ದು 3,100 ಅಶ್ವಶಕ್ತಿ. ಆಮೇಲೆ ಬಂದ ದಪ್ಪ ಮೂತಿಯ ಡಬ್ಲ್ಯುಡಿಪಿ-4ಕ್ಕೆ 4,000, ಎರಡೂ ಕಡೆ ಕ್ಯಾಬಿನ್ ಇರುವ 4ಡಿ ಮಾದರಿಗೆ 4,500. ಎಲೆಕ್ಟ್ರಿಕ್‌ನಲ್ಲಿ ಹಳೆಯ ಡಬ್ಲ್ಯುಎಪಿ-4ಕ್ಕೆ 5,050. ಇವತ್ತು ದೇಶದ ದೊಡ್ಡ ದೊಡ್ಡ ಎಕ್ಸ್‌ಪ್ರೆಸ್ ಗಾಡಿಗಳನ್ನೆಲ್ಲ ಎಳೆಯುತ್ತಿರುವ ಡಬ್ಲ್ಯುಎಪಿ-7ಕ್ಕೆ 6,350. ತೂಕ 123 ಟನ್, ಆರು ಅಚ್ಚು, ಅಚ್ಚಿಗೊಂದರಂತೆ 850 ಕಿಲೋವಾಟ್‌ನ ಆರು ಮೋಟಾರ್.

ಈ ಅಂಕಿಗಳಿಗಿಂತ ಮುಖ್ಯವಾದದ್ದು ಒಳಗಿನ ವ್ಯವಸ್ಥೆ. ಹಳೆಯ ಎಲೆಕ್ಟ್ರಿಕ್ ಎಂಜಿನ್‌ಗಳಲ್ಲಿ ಡಿಸಿ ಮೋಟಾರ್ ಇರುತ್ತಿತ್ತು. ಅದರಲ್ಲಿ ಕಾರ್ಬನ್ ಬ್ರಷ್ ಉಜ್ಜುತ್ತಿತ್ತು, ಸವೆಯುತ್ತಿತ್ತು, ಕಿಡಿ ಹಾರುತ್ತಿತ್ತು. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಬದಲಿಸುತ್ತಾ ಒಂದೊಂದೇ ಮೆಟ್ಟಿಲು ವೋಲ್ಟೇಜ್ ಏರಿಸಬೇಕಿತ್ತು. ಹೊಸದರಲ್ಲಿ ಹಾಗಿಲ್ಲ. ತಂತಿಯಿಂದ ಬಂದ ಕರೆಂಟನ್ನು ಮೊದಲು ಡಿಸಿ ಮಾಡಿ, ಮತ್ತೆ ಅದನ್ನು ಮೂರು ಫೇಸ್‌ನ ಎಸಿ ಮಾಡಿ, ಬೇಕಾದ ವೋಲ್ಟೇಜ್, ಬೇಕಾದ ಫ್ರೀಕ್ವೆನ್ಸಿಯಲ್ಲಿ ಮೋಟಾರಿಗೆ ಕೊಡುತ್ತಾರೆ. ನಮ್ಮೂರ ತೋಟದ ಬೋರ್‌ವೆಲ್‌ಗಳಲ್ಲಿ ಇರುವುದೂ ಇದೇ ಜಾತಿಯ ಇಂಡಕ್ಷನ್ ಮೋಟಾರ್. ಬ್ರಷ್ ಇಲ್ಲ, ಸವೆಯುವ ಭಾಗ ಕಡಿಮೆ. ಚಕ್ರ ಜಾರಿತು ಅಂದರೆ ಎಲೆಕ್ಟ್ರಾನಿಕ್ಸ್ ತಕ್ಷಣ ಹಿಡಿತ ಸರಿಮಾಡುತ್ತದೆ. ಹಾಗಾಗಿ ನಿಂತ ಗಾಡಿಯನ್ನು ಎಬ್ಬಿಸುವಾಗ ಪೂರ್ತಿ ಬಲ ಹಾಕಬಹುದು.

ಪ್ಲಾಟ್‌ಫಾರ್ಮಿನ ಮುಂದಿನ ತುದಿಗೆ ಹೋಗಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಮೋಟಾರುಗಳನ್ನು ತಣ್ಣಗಿಡುವ ಬ್ಲೋವರ್ ಒಂದೇ ಸಮ ಗುಂಯ್‌ಗುಟ್ಟುತ್ತಿರುತ್ತದೆ. ಹಾರ್ನ್ ಆದ ಮೇಲೆ ಬ್ರೇಕಿನ ಗಾಳಿ ಬುಸ್ ಎನ್ನುತ್ತದೆ, ಕಪ್ಲಿಂಗ್ ಒಂದು ಸಲ ಕಟ್ ಎಂದು ಬಿಗಿಯುತ್ತದೆ. ಆಮೇಲೆ ಸದ್ದು ಸಣ್ಣಗೆ ಏರುತ್ತಾ ಹೋಗುತ್ತದೆ, ಮೂರನೇ ಬೋಗಿ ನಿಮ್ಮ ಮುಂದೆ ಬರುವಷ್ಟರಲ್ಲಿ ಓಡಿ ಹತ್ತುವ ಆಸೆ ಬಿಡಬೇಕು. ಡೀಸೆಲ್ ಕಾಲದಲ್ಲಿ ಟೀ ಕಪ್ ಎಸೆದು, ಬ್ಯಾಗ್ ಹೆಗಲಿಗೇರಿಸಿ, ಆರಾಮಾಗಿ ನಡೆದು ಹತ್ತುತ್ತಿದ್ದವರಿದ್ದರು. ದಯವಿಟ್ಟು ಈಗ ಯಾರೂ ಆ ಸಾಹಸ ಮಾಡಬೇಡಿ.

ಅಂದರೆ ಈ ಎಂಜಿನ್‌ನ ನಿಜವಾದ ತಾಕತ್ತು ಇರುವುದು ನಿಂತಲ್ಲಿಂದ ಎದ್ದು ವೇಗ ಹಿಡಿಯುವುದರಲ್ಲಿ. ಅದು ಯಾರಿಗೆ ಹೆಚ್ಚು ಉಪಯೋಗ? ಬೆಂಗಳೂರು ಬಿಟ್ಟು ತುಮಕೂರಿನಲ್ಲೇ ನಿಲ್ಲುವ ಗಾಡಿ ವೇಗ ಹಿಡಿಯುವುದು ಒಂದೆರಡು ಸಲ. ಚಿಕ್ಕಬಾಣಾವರ, ಸೋಲದೇವನಹಳ್ಳಿ, ದೊಡ್ಡಬೆಲೆ, ನಿಡವಂದ, ಹಿರೇಹಳ್ಳಿ, ಕ್ಯಾತ್ಸಂದ್ರ ಅಂತ ನಿಲ್ಲುತ್ತಾ ಬರುವ ಗಾಡಿ ಪ್ರತಿ ಸಲ ಸೊನ್ನೆಯಿಂದ ಏಳಬೇಕು. ಒಳ್ಳೆಯ ಎಂಜಿನ್ ಮೊದಲು ಸಿಗಬೇಕಾದದ್ದು ಇಂಥ ಗಾಡಿಗೆ. ಆದರೆ ಹೆಸರುವಾಸಿ ಗಾಡಿಗೆ ಹೊಸ ಎಂಜಿನ್, ಪ್ಯಾಸೆಂಜರ್‌ಗೆ ಉಳಿದಿದ್ದು ಅನ್ನುವುದು ಮೊದಲಿಂದ ಬಂದ ರೂಢಿ.

ಒಂದು ಒರಟು ಲೆಕ್ಕ ಹಾಕಿದ್ದೇನೆ. 16 ಬೋಗಿಯ ತುಂಬಿದ ಗಾಡಿ, ಎಂಜಿನ್ ಸೇರಿ ಸುಮಾರು 900 ಟನ್ ಅಂತ ಇಟ್ಟುಕೊಳ್ಳಿ. ಸಮತಟ್ಟಾದ ಹಳಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಮುಟ್ಟಲು 6,350 ಅಶ್ವಶಕ್ತಿಯ ಎಂಜಿನ್‌ಗೆ ಎರಡು ನಿಮಿಷ ಸಾಕಾಗುತ್ತದೆ. 3,100ರ ಡೀಸೆಲ್‌ಗೆ ನಾಲ್ಕು ನಿಮಿಷದ ಹತ್ತಿರ ಬೇಕು. ಆ ಹೊತ್ತಿನಲ್ಲೂ ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ, ಅದನ್ನು ಕಳೆದರೆ ಒಂದು ನಿಲುಗಡೆಗೆ ಉಳಿಯುವುದು ಅರ್ಧ ನಿಮಿಷ. ಹತ್ತು ಕಡೆ ನಿಂತರೆ ಐದು ನಿಮಿಷ. ಎಂಜಿನ್‌ನಿಂದ ನೇರವಾಗಿ ಸಿಗುವುದು ಇಷ್ಟೇ. ಅರ್ಧ ಗಂಟೆ ಉಳಿಯುತ್ತದೆ ಅಂತ ಭಾಷಣದಲ್ಲಿ ಹೇಳುವವರನ್ನು ನಾನೂ ನಂಬುವುದಿಲ್ಲ.

ಆದರೆ ಐದು ನಿಮಿಷ ಅಂದರೆ ಸುಮ್ನೆ ಅಲ್ಲ. ಪ್ಯಾಸೆಂಜರ್ ಗಾಡಿ ಐದು ನಿಮಿಷ ಮೊದಲು ಮುಂದಿನ ಸ್ಟೇಷನ್ ಮುಟ್ಟಿದರೆ, ಹಿಂದೆ ಬರುವ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಲೂಪಿನಲ್ಲಿ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ, ಹೋಗಿ ನಿಲ್ಲುವ ಪ್ರಮೇಯವೇ ಬರದೆ ಇರಬಹುದು. ಲೂಪಿಗೆ ಹಾಕಿದರೆ ಐದಲ್ಲ, ಹದಿನೈದು ಇಪ್ಪತ್ತು ನಿಮಿಷ ಹೋಯಿತು. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಗ್ರಾಫಿನಲ್ಲಿ ಒಂದು ಗೆರೆ ಸ್ವಲ್ಪ ಕಡಿದಾಗಿ ಎದ್ದರೆ ಪಕ್ಕದ ನಾಲ್ಕು ಗೆರೆಗೆ ಜಾಗ ಆಗುತ್ತದೆ. ಆ ಕಡಿದಾದ ಗೆರೆ ಎಳೆಯುವ ತಾಕತ್ತು ಎಂಜಿನ್‌ಗೆ ಬಂದಿದೆ. ಗೆರೆ ಮಾತ್ರ ಡೀಸೆಲ್ ಕಾಲದ್ದೇ ಉಳಿದಂತೆ ಕಾಣುತ್ತದೆ.

ಜೊತೆಗೆ ಇನ್ನೊಂದು ಚಾಳಿ. ಕೊನೆಯ ಒಂದೆರಡು ಸ್ಟೇಷನ್ ನಡುವೆ ವೇಳಾಪಟ್ಟಿಯಲ್ಲಿ ಸೇರಿಸಿಡುವ ಹೆಚ್ಚುವರಿ ನಿಮಿಷಗಳು. ದಾರಿಯಲ್ಲಿ ತಡವಾದರೆ ಅಲ್ಲಿ ಸರಿದೂಗಿಸಿಕೊಳ್ಳಲಿ ಅನ್ನುವ ಉದ್ದೇಶ ಸರಿಯೇ. ಆದರೆ ಗಾಡಿ ಸರಿಯಾಗಿ ಬಂದ ದಿನ ಏನಾಗುತ್ತದೆ? ಪ್ಲಾಟ್‌ಫಾರ್ಮ್ ಖಾಲಿ ಇಲ್ಲ ಅಂತ ಔಟರ್‌ನಲ್ಲಿ, ಸ್ಟೇಷನ್ ಹೊರಗಿನ ಸಿಗ್ನಲ್ ಹತ್ತಿರ, ನಿಲ್ಲುತ್ತದೆ. ಬಾಗಿಲಲ್ಲಿ ನಿಂತವರು ಇಳಿದು ಹಳಿ ಮೇಲೆ ನಡೆಯುತ್ತಾರೆ. ತಪ್ಪು ಅಂತ ಎಲ್ಲರಿಗೂ ಗೊತ್ತು, ಫ್ಯಾಕ್ಟರಿಯ ಪಂಚಿಂಗ್ ಮೆಷಿನ್‌ಗೆ ಮಾತ್ರ ಗೊತ್ತಿಲ್ಲ. ಕೊನೆಗೆ ಗಾಡಿ "ರೈಟ್ ಟೈಮ್" ಎಂದು ದಾಖಲಾಗುತ್ತದೆ. ಆರು ಸಾವಿರ ಅಶ್ವಶಕ್ತಿ ಔಟರ್ ಸಿಗ್ನಲ್ ಕೆಳಗೆ ಗುಂಯ್ ಅಂತ ನಿಂತಿರುತ್ತದೆ.

ಈ ಎಂಜಿನ್‌ಗಳ ಮೂಲ ಎಲ್ಲಿಯದು ನೋಡಿ. ಮೂರು ಫೇಸ್‌ನ ಎಂಜಿನ್‌ಗಳು ನಮ್ಮಲ್ಲಿಗೆ ಬಂದದ್ದು 1995ರಲ್ಲಿ, ಎಬಿಬಿ ಕಂಪನಿಯಿಂದ. ಡಬ್ಲ್ಯುಎಪಿ-5 ಸ್ವಿಟ್ಜರ್‌ಲ್ಯಾಂಡಿನಿಂದಲೇ ಹಡಗು ಹತ್ತಿ ಬಂತು. ತಂತ್ರಜ್ಞಾನ ಕಲಿತು ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲಿ ನಾವೇ ಮಾಡಲು ಶುರುಮಾಡಿದೆವು. ಗೂಡ್ಸ್‌ಗೆ ಅಂತ ಬಂದಿದ್ದ ಡಬ್ಲ್ಯುಎಜಿ-9ರ ಗೇರ್ ಅನುಪಾತ ಬದಲಿಸಿ ಪ್ರಯಾಣಿಕರ ಗಾಡಿಗೆ ಡಬ್ಲ್ಯುಎಪಿ-7 ಮಾಡಿದ್ದು ನಮ್ಮ ಎಂಜಿನಿಯರ್‌ಗಳ ಕೆಲಸ. ಹೆಮ್ಮೆಯ ವಿಷಯವೇ.

ಎಂಜಿನ್ ಜೊತೆಗೆ ಅಲ್ಲಿಂದ ತರಬೇಕಾಗಿದ್ದ ಇನ್ನೊಂದು ವಸ್ತು ಅಲ್ಲೇ ಉಳಿಯಿತು. ಸ್ವಿಟ್ಜರ್‌ಲ್ಯಾಂಡಿನ ಜನ 1987ರಲ್ಲಿ ಮತ ಹಾಕಿ "ರೈಲು 2000" ಎಂಬ ಯೋಜನೆಗೆ ಒಪ್ಪಿದರು. ಅಲ್ಲಿ ಕೆಲಸ ಶುರುವಾದದ್ದು ವೇಳಾಪಟ್ಟಿಯಿಂದ. ದೊಡ್ಡ ಜಂಕ್ಷನ್‌ಗಳಲ್ಲಿ ಗಾಡಿಗಳು ಒಂದೇ ಹೊತ್ತಿಗೆ ಬಂದು ಸೇರಬೇಕು, ಅದಕ್ಕೆ ಎರಡು ಊರಿನ ನಡುವೆ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಆಗಬೇಕು ಅಂತ ಮೊದಲು ಗೊತ್ತುಮಾಡಿದರು. ಹಾಗಾಗಬೇಕಾದರೆ ಎಲ್ಲಿ ಹೊಸ ಹಳಿ ಬೇಕು, ಎಂಥ ಎಂಜಿನ್ ಬೇಕು ಎಂದು ಆಮೇಲೆ ನೋಡಿದರು. 119 ಹೊಸ ಎಂಜಿನ್ ಕೊಂಡರು. 2004ರ ಡಿಸೆಂಬರ್‌ನಲ್ಲಿ ಬರ್ನ್–ಜ್ಯೂರಿಕ್ ಪ್ರಯಾಣ ಗಂಟೆಯೊಳಗೆ ಬಂತು. ನಮ್ಮಲ್ಲಿ ಎಂಜಿನ್ ಮೊದಲು ಬರುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ವೇಳಾಪಟ್ಟಿ ಹಾಗೇ ಇರುತ್ತದೆ. ನಮ್ಮದು ಅವರ ಹಾಗೆ ಸಣ್ಣ ದೇಶವಲ್ಲ ಅನ್ನುತ್ತೀರಿ. ಒಪ್ಪಿದೆ. ನಾನು ದೇಶದ ವೇಳಾಪಟ್ಟಿ ಕೇಳುತ್ತಿಲ್ಲ, 70 ಕಿಲೋಮೀಟರ್‌ನದ್ದು ಕೇಳುತ್ತಿದ್ದೇನೆ.

ಬ್ರೇಕಿನ ವಿಚಾರವೂ ಇದೆ. ಹೊಸ ಎಂಜಿನ್ ಬ್ರೇಕ್ ಹಾಕುವಾಗ ಅದರ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕಳಿಸುತ್ತದೆ. ಹತ್ತಿರದಲ್ಲಿ ಇನ್ನೊಂದು ಗಾಡಿ ಓಡುತ್ತಿದ್ದರೆ ಅದು ಬಳಸಿಕೊಳ್ಳುತ್ತದೆ. ಹತ್ತು ಕಡೆ ನಿಲ್ಲುವ ಗಾಡಿ ಹತ್ತು ಸಲ ಬ್ರೇಕ್ ಹಾಕುತ್ತದೆ, ಹತ್ತು ಸಲ ವಾಪಸ್ ಕೊಡುತ್ತದೆ. ಡೀಸೆಲ್‌ನಲ್ಲಿ ಅದೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ಪ್ಯಾಸೆಂಜರ್ ಓಡಿಸಿದರೆ ನಷ್ಟ ಅನ್ನುವ ಹಳೇ ಲೆಕ್ಕವನ್ನು ಇದನ್ನೂ ಸೇರಿಸಿ ಮತ್ತೆ ಹಾಕಿ ನೋಡಿ.

ಇನ್ನು ತುಮಕೂರು ಸ್ಟೇಷನ್ನಿನಲ್ಲಿ ಮಾಮೂಲಿ ಗಾಡಿಯ ಓಟ ಮುಗಿದಾಗ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಾಡಿ ಬಂತು, ಜನ ಇಳಿದರು. ಎಂಜಿನ್ ಈಗ ತಪ್ಪು ತುದಿಯಲ್ಲಿದೆ. ಪಾಯಿಂಟ್ಸ್‌ಮನ್ ಎಂಜಿನ್ ಮತ್ತು ಮೊದಲ ಬೋಗಿಯ ನಡುವೆ ಇಳಿಯುತ್ತಾರೆ. ಬ್ರೇಕ್ ಪೈಪಿನ ಕಾಕ್ ಮುಚ್ಚಿ, ಪೈಪ್ ಬಿಡಿಸಿದಾಗ ಉಳಿದ ಗಾಳಿ ಧೂಳೆಬ್ಬಿಸಿ ಹೊರಗೆ ಬರುತ್ತದೆ. ಕಪ್ಲಿಂಗ್ ಬಿಡಿಸಿ, ಹೊರಗೆ ಬಂದು, ಕೈಬೀಸಿ ಎಂಜಿನ್ ಮುಂದಕ್ಕೆ ಕಳಿಸುತ್ತಾರೆ. ಅದು ಮುಂದೆ ಹೋಗಿ, ಹಳಿ ಬದಲಿಸುವ ಪಾಯಿಂಟ್ ತಿರುಗಿ, ಪಕ್ಕದ ಹಳಿಯಲ್ಲಿ ಇಡೀ ಗಾಡಿಯನ್ನು ದಾಟಿ ವಾಪಸ್ ಬಂದು, ಆ ತುದಿಗೆ ಸೇರಿಕೊಳ್ಳಬೇಕು. ಮತ್ತೆ ಪೈಪ್, ಮತ್ತೆ ಕಪ್ಲಿಂಗ್. ಆಮೇಲೆ ಕೊನೇ ಬೋಗಿಯವರೆಗೂ ಗಾಳಿಯ ಒತ್ತಡ ಬಂತಾ ಎನ್ನುವ ಪರೀಕ್ಷೆ. ಮಳೆ ಇರಲಿ, ಬಿಸಿಲಿರಲಿ, ಆ ಮನುಷ್ಯ ಎರಡು ಬಫರ್ ನಡುವೆ ಬಗ್ಗಿ ಈ ಕೆಲಸ ಮಾಡುತ್ತಾರೆ. ಇಷ್ಟು ಹೊತ್ತೂ ಪ್ಲಾಟ್‌ಫಾರ್ಮ್ ಈ ಗಾಡಿಯದ್ದೇ, ಪಕ್ಕದ ಹಳಿಯೂ ಇದರದ್ದೇ. ಬೇರೆ ಗಾಡಿ ಹೊರಗೆ ಕಾಯಬೇಕು.

ಇದಕ್ಕೆ ದಾರಿ ಇದೆ, ನಮ್ಮ ದೇಶದಲ್ಲೇ ಇದೆ. 2023ರ ಡಿಸೆಂಬರ್ 30ರಂದು ಶುರುವಾದ ಅಮೃತ್ ಭಾರತ್ ಗಾಡಿಗಳಿಗೆ ಎರಡೂ ತುದಿಯಲ್ಲಿ ಒಂದೊಂದು ಡಬ್ಲ್ಯುಎಪಿ-5 ಇರುತ್ತದೆ. ಒಂದು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ, ಎರಡನ್ನೂ ಮುಂದಿನ ಕ್ಯಾಬಿನ್‌ನಿಂದಲೇ ಓಡಿಸುತ್ತಾರೆ. ಎಸಿ ಇಲ್ಲದ, ಮಾಮೂಲಿ ಜನರ ಗಾಡಿ ಅದು. ಮೊದಲ ಎರಡರಲ್ಲಿ ಒಂದು ನಮ್ಮ ಬೆಂಗಳೂರಿನಿಂದಲೇ ಮಾಲ್ಡಾಕ್ಕೆ ಹೋಗುವುದು. ಬಂಗಾಳದವರೆಗೆ ತಳ್ಳಿಕೊಂಡು ಹೋಗುವ ವ್ಯವಸ್ಥೆ ಬೆಂಗಳೂರಿನಿಂದ ತುಮಕೂರಿಗೆ ಯಾಕೆ ಬೇಡ? ಎರಡು ದೊಡ್ಡ ಎಂಜಿನ್ ದುಬಾರಿ ಅನಿಸಿದರೆ, ಒಂದು ತುದಿಯಲ್ಲಿ ಎಂಜಿನ್, ಇನ್ನೊಂದು ತುದಿಯಲ್ಲಿ ಬರೀ ಡ್ರೈವಿಂಗ್ ಕ್ಯಾಬಿನ್ ಇರುವ ಬೋಗಿ. ಯುರೋಪಿನ ಲೋಕಲ್ ಗಾಡಿಗಳು ಎಷ್ಟೋ ವರ್ಷದಿಂದ ಹೀಗೆ ಓಡುತ್ತಿವೆ.

"ಮೆಮು ಕೊಟ್ಟಿದ್ದೀವಲ್ಲ" ಅನ್ನಬಹುದು. ಮೆಮು ಅಂದರೆ ಬೇರೆ ಎಂಜಿನ್ ಇಲ್ಲದೆ ತಾನೇ ಓಡುವ ಎಲೆಕ್ಟ್ರಿಕ್ ಲೋಕಲ್; ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಮೋಟಾರುಗಳು ಬೋಗಿಗಳಲ್ಲೇ ಹಂಚಿಕೊಂಡಿರುತ್ತವೆ, ಬೇಗ ವೇಗ ಹಿಡಿಯುತ್ತದೆ, ಬಾಗಿಲು ಅಗಲ, ಎಂಜಿನ್ ತಿರುಗಿಸುವ ರಗಳೆ ಇಲ್ಲ. ಆದರೆ ಎಂಟು ಬೋಗಿಯ ಮೆಮುಗೆ ಬೆಳಗಿನ ಜನವನ್ನು ತುಂಬಿ ನೋಡಿ. ಗುಬ್ಬಿ, ತಿಪಟೂರು ಕಡೆಯಿಂದ ಬಂದವರು, ತುಮಕೂರಿನ ಕಾಲೇಜು ಮಕ್ಕಳು, ಪೀಣ್ಯದ ಕಾರ್ಮಿಕರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಕ್ಯಾತ್ಸಂದ್ರದಲ್ಲಿ ಹತ್ತುವವರು ಒಂದು ಕಾಲು ಒಳಗೆ, ಇನ್ನೊಂದು ದೇವರ ಮೇಲೆ. ನನ್ನ ಅಭಿಪ್ರಾಯ ಕೇಳಿದರೆ, ಬೆಳಿಗ್ಗೆ ಮತ್ತು ಸಂಜೆ ಉದ್ದದ ಗಾಡಿ ಬೇಕು, ಅದಕ್ಕೆ ಡಬ್ಲ್ಯುಎಪಿ-7 ಬೇಕು. 24 ಬೋಗಿ ಎಳೆಯುವ ಎಂಜಿನ್ ಅದು, 18 ಬೋಗಿ ಕೊಟ್ಟರೆ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮಧ್ಯಾಹ್ನ ಜನ ಕಡಿಮೆ ಇರುವಾಗ ಮೆಮು ಹೆಚ್ಚು ಸಲ ಓಡಲಿ. ಸಣ್ಣ ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರ್ಮ್ ಉದ್ದ ಸಾಲದು ಅನ್ನುವುದು ನಿಜ. ಪ್ಲಾಟ್‌ಫಾರ್ಮ್ ಉದ್ದ ಮಾಡುವುದು ಹೊಸ ಎಂಜಿನ್ ಕೊಳ್ಳುವುದಕ್ಕಿಂತ ಅಗ್ಗ, ಅಲ್ವಾ?

ಎಕ್ಸ್‌ಪ್ರೆಸ್ ಗಾಡಿಗಳ ಜನರಲ್ ಬೋಗಿಯವರ ಪರವಾಗಿ ಒಂದು ಮಾತು. ಎಲ್‌ಎಚ್‌ಬಿ ಎಂಬ ಹೊಸ ಮಾದರಿ ಬೋಗಿಯ ಗಾಡಿಗಳಲ್ಲಿ ಲೈಟು, ಫ್ಯಾನು, ಎಸಿಗೆ ಕರೆಂಟ್ ಮಾಡಲು ಎರಡು ತುದಿಯಲ್ಲಿ ಡೀಸೆಲ್ ಜನರೇಟರ್ ಇರುವ ಪವರ್ ಕಾರ್ ಇಡುತ್ತಿದ್ದರು. ಅದರ ಪಕ್ಕವೇ ಸಾಮಾನ್ಯವಾಗಿ ಜನರಲ್ ಬೋಗಿ. ಮೂರನೇ ದರ್ಜೆ ಟಿಕೆಟ್ ಹೋದರೂ ಮೂರನೇ ದರ್ಜೆ ಸದ್ದು ಹೋಗಲಿಲ್ಲ. ಹೊಸ ಎಂಜಿನ್‌ಗಳಲ್ಲಿ ಇದಕ್ಕೆ ಪರಿಹಾರ ಇದೆ. ತಂತಿಯಿಂದಲೇ ಕರೆಂಟ್ ತೆಗೆದು, 500 ಕೆವಿಎಯ ಎರಡು ಕನ್ವರ್ಟರ್ ಮೂಲಕ ಇಡೀ ಗಾಡಿಗೆ 750 ವೋಲ್ಟ್ ಹಂಚಬಹುದು. ರೈಲ್ವೆಯವರು ಇದನ್ನು ಎಚ್‌ಒಜಿ ಅನ್ನುತ್ತಾರೆ. ಆಗ ಜನರೇಟರ್ ಆಫ್. ಎರಡು ಪವರ್ ಕಾರ್ ಬದಲು ಒಂದು ಸಾಕು, ಇನ್ನೊಂದರ ಜಾಗದಲ್ಲಿ ಜನ ಕೂರುವ ಬೋಗಿ ಬರುತ್ತದೆ. ಎಚ್‌ಒಜಿ ಇರುವ ಎಂಜಿನ್ ಕೊಟ್ಟೂ ಜನರೇಟರ್ ಓಡಿಸುವ ಪ್ರಸಂಗ ಬರದ ಹಾಗೆ ನೋಡಿಕೊಳ್ಳಿ. ದಾರಿಯಲ್ಲಿ ಒಂದು ಸಬ್‌ಸ್ಟೇಷನ್ನಿನ ಕರೆಂಟ್ ಮುಗಿದು ಇನ್ನೊಂದರದು ಶುರುವಾಗುವ ನ್ಯೂಟ್ರಲ್ ಸೆಕ್ಷನ್‌ನಲ್ಲಿ ಕ್ಷಣ ಹೊತ್ತು ಎಸಿ ನಿಂತು ಮತ್ತೆ ಬರುತ್ತದೆ. "ಕರೆಂಟ್ ಹೋಯ್ತು" ಅಂತ ಗಾಬರಿಯಾಗುವವರಿಗೆ ಬೋಗಿಯಲ್ಲಿ ಒಂದು ಚೀಟಿ ಅಂಟಿಸಿದರೂ ಆಯಿತು.

ಇಷ್ಟೆಲ್ಲ ಶಕ್ತಿಯ ಎಂಜಿನ್ ಓಡಿಸುವ ಲೋಕೋ ಪೈಲಟ್‌ಗಳಿಗೆ ಒಳಗೆ ಶೌಚಾಲಯ ಬೇಕು ಅನ್ನುವುದು ಹಳೇ ಬೇಡಿಕೆ. ಕೆಲವು ಎಂಜಿನ್‌ಗಳಲ್ಲಿ ಬಂದಿದೆ, ಕ್ಯಾಬಿನ್‌ಗೆ ಎಸಿಯೂ ಬರುತ್ತಿದೆ. ಈಗ ಹೆಣ್ಣುಮಕ್ಕಳೂ ಎಂಜಿನ್ ಓಡಿಸುತ್ತಿದ್ದಾರೆ. ಇದನ್ನು ಕೇಳಿ ಕೊಡಿಸಿಕೊಳ್ಳುವ ವಿಷಯವಾಗಿ ಇನ್ನೂ ಇಟ್ಟುಕೊಳ್ಳಬಾರದು.

ಪತ್ರಿಕೆಗಳಲ್ಲಿ 12,000 ಅಶ್ವಶಕ್ತಿಯ ಎಂಜಿನ್, 9,000 ಅಶ್ವಶಕ್ತಿಯ ಎಂಜಿನ್ ಎಂದು ದೊಡ್ಡ ಚಿತ್ರ ಬರುತ್ತದೆ. ಒಂದು ಬಿಹಾರದ ಮಧೇಪುರ ಕಾರ್ಖಾನೆಯದ್ದು, ಇನ್ನೊಂದು ಗುಜರಾತಿನ ದಾಹೋದ್‌ನದ್ದು. ಎರಡೂ ಗೂಡ್ಸ್ ಎಳೆಯಲು. ಸಂತೋಷ, ಕಲ್ಲಿದ್ದಲೂ ಬೇಗ ಹೋಗಲಿ. ನಮ್ಮ ಜಿಲ್ಲೆಯ ಪಾವಗಡದಲ್ಲಿ 13,000 ಎಕರೆ ಜಮೀನನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ, ಅಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿದೆ. ತುಮಕೂರು–ರಾಯದುರ್ಗ ಹಳಿ ಮಾತ್ರ ಪಾವಗಡವನ್ನೂ ತುಮಕೂರನ್ನೂ ಇನ್ನೂ ಜೋಡಿಸಿಲ್ಲ. ಕರೆಂಟ್ ಕೊಡುವ ಊರಿನವರು ಬಸ್ಸಿನಲ್ಲೇ ಬಂದು ಇಲ್ಲಿ ಗಾಡಿ ಹತ್ತಬೇಕು. ಇದು ನಿಮ್ಮ ಟೇಬಲ್ಲಿನ ವಿಷಯ ಅಲ್ಲ ಅಂತ ಗೊತ್ತು, ಬರೆಯುವಾಗ ನೆನಪಾಯಿತು.

ನಿಮ್ಮ ಟೇಬಲ್ಲಿನ ವಿಷಯಕ್ಕೇ ಬರುತ್ತೇನೆ. ಮುಂದಿನ ವೇಳಾಪಟ್ಟಿ ತಯಾರಿಸುವ ಮೊದಲು ಈ ಮಾರ್ಗದಲ್ಲಿ ಒಂದು ಪರೀಕ್ಷೆ ಮಾಡಿ. ಡಬ್ಲ್ಯುಎಪಿ-7 ಹಾಕಿದ 18 ಬೋಗಿಯ ಗಾಡಿಯನ್ನು ಎಲ್ಲ ಸ್ಟೇಷನ್‌ನಲ್ಲಿ ನಿಲ್ಲಿಸಿ ಓಡಿಸಿ. ಭಾನುವಾರ ಖಾಲಿ ಗಾಡಿ ಓಡಿಸಿ ಲೆಕ್ಕ ಬರೆದುಕೊಳ್ಳಬೇಡಿ. ಸೋಮವಾರ ಬೆಳಿಗ್ಗೆ, ಜನ ತುಂಬಿದ ಗಾಡಿ ಆಗಬೇಕು. ಸ್ಟೇಷನ್‌ನಿಂದ ಸ್ಟೇಷನ್‌ಗೆ ನಿಜವಾಗಿ ಎಷ್ಟು ನಿಮಿಷ ಆಯಿತು, ವೇಳಾಪಟ್ಟಿಯಲ್ಲಿ ಎಷ್ಟು ಬರೆದಿದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ತುಮಕೂರು ಸ್ಟೇಷನ್ನಿನ ನೋಟಿಸ್ ಬೋರ್ಡಿಗೆ ಹಾಕಿ. ವ್ಯತ್ಯಾಸ ಇಲ್ಲ ಅಂತ ಬಂದರೆ ನಾವು ಒಪ್ಪುತ್ತೇವೆ, ಈ ವಿಷಯ ಮತ್ತೆ ಎತ್ತುವುದಿಲ್ಲ. ವ್ಯತ್ಯಾಸ ಇದ್ದರೆ ಆ ನಿಮಿಷಗಳನ್ನು ನಮಗೆ ಕೊಡಿ. ಬೆಳಗಿನ ಗಾಡಿ ಇಲ್ಲಿಂದ ಅಷ್ಟು ತಡವಾಗಿ ಬಿಡಲಿ, ಅಲ್ಲಿಗೆ ಈಗಿನ ಹೊತ್ತಿಗೇ ಮುಟ್ಟಲಿ. ಡಬ್ಬಿ ಕಟ್ಟುವವರಿಗೆ ಅದರ ಬೆಲೆ ಗೊತ್ತು.

ಪರೀಕ್ಷೆಯ ದಿನ ಹೇಳಿ ಕಳಿಸಿ. ನಿಲ್ದಾಣಕ್ಕೊಬ್ಬರಂತೆ ಗಡಿಯಾರ ಹಿಡಿದು ನಿಲ್ಲಲು ಪಾಸ್‌ದಾರರು ನಾವಿದ್ದೇವೆ.

ಇತಿ,
ತುಮಕೂರಿನ ಒಬ್ಬ ಪಾಸ್‌ದಾರ